ಚರ್ಚೆ ಮುಗಿಯದಂತೆ ನೋಡಿಕೊಂಡವಳು

ಕಾಡಿನ ಜನರ ಬೇಲಿಮೂಲೆ ಹಾಡಿಗೆ ಆ ಜೀಪು ಮೊದಲ ಸಲ ಬಂದಾಗ ಜವರಿ ತನ್ನ ತಮ್ಮ ಕುಳ್ಳನ ಕಾಲಿಗೆ ಸೊಪ್ಪು ಅರೆದು ಕಟ್ಟುತ್ತಿದ್ದಳು. ಜೇನಿಳಿಸಲು ಹತ್ತಿದ್ದವನು ಮರದಿಂದ ಜಾರಿಬಿದ್ದಿದ್ದ. ಮೊಣಕಾಲಿನ ಕೆಳಗೆ ಊದಿ ಕುಂಬಳಕಾಯಿಯಂತಾಗಿತ್ತು. ಆಸ್ಪತ್ರೆಗೆ ಹೋಗಬೇಕೆಂದರೆ ಕಾಡಂಚಿನ ದಾರಿಯಲ್ಲಿ ಅಂತರಸಂತೆಯವರೆಗೆ ನಡೆದು, ಅಲ್ಲಿ ಬಸ್ಸಿಗೆ ಕಾಯಬೇಕು. ಕಾಲು ಮುರಿದವನು ನಡೆಯುವುದೆಲ್ಲಿ ಬಂತು!

ಜೀಪಿನಿಂದ ಇಳಿದವರು ನೀಲಕಂಠಸ್ವಾಮಿ. ಸಾಲಿಗ್ರಾಮದವರು, ಹೈಸ್ಕೂಲು ಮೇಷ್ಟರಾಗಿದ್ದು ನಿವೃತ್ತರಾದವರು. ಎರಡು ಸಾವಿರನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಎಂದು ದೊಡ್ಡವರು ಎಲ್ಲೋ ಮಾತು ಕೊಟ್ಟಿದ್ದರಂತೆ. ಇಸವಿ ಹೊಸ್ತಿಲಿಗೆ ಬಂದು ನಿಂತಿತ್ತು, ಆರೋಗ್ಯದ ಸುಳಿವಿರಲಿಲ್ಲ. ಹಾಗಾಗಿ ಮೇಷ್ಟರು ಒಂದು ವೇದಿಕೆ ಕಟ್ಟಿಕೊಂಡು ತಾಲ್ಲೂಕಿನಿಂದ ತಾಲ್ಲೂಕಿಗೆ ಸಾರ್ವಜನಿಕ ಚರ್ಚೆ ನಡೆಸುತ್ತಿದ್ದರು.

"ಎಲ್ಲರಿಗೂ ಸರ್ಕಾರವೇ ಉಚಿತವಾಗಿ ಚಿಕಿತ್ಸೆ ಕೊಡಬೇಕೋ ಬೇಡವೋ ಅಂತ ಇವತ್ತು ಮಧ್ಯಾಹ್ನ ಹುಣಸೂರಲ್ಲಿ ಚರ್ಚೆ ಇದೆಯಮ್ಮ. ನಿಮ್ಮ ಜನರ ದನಿಯೂ ಅಲ್ಲಿ ಕೇಳಬೇಕು. ಒಬ್ಬರಾದರೂ ಬನ್ನಿ."

"ನನ್ ತಮ್ಮುನ್ನ ಒಸಿ ಆಸ್ಪತ್ರೆಗಂಟ ಬುಡ್ತೀರಾ ಸ್ವಾಮಿ?"

ಮೇಷ್ಟರು ಕುಳ್ಳನ ಕಾಲು ನೋಡಿ ನಿಜವಾಗಿಯೂ ನೊಂದುಕೊಂಡರು. "ಬಿಡಬಹುದಿತ್ತು. ಆದರೆ ಈ ಜೀಪು ಡೆಲ್ಲಿಯ ಸಂಸ್ಥೆಯೊಂದು ಕೊಟ್ಟದ್ದು. ಚರ್ಚೆಗಲ್ಲದೆ ಬೇರೆ ಯಾವುದಕ್ಕೂ ಓಡಿಸುವ ಹಾಗಿಲ್ಲ, ಷರತ್ತು."

ಜವರಿ ಸೊಪ್ಪಿನ ಕೈ ಸೆರಗಿಗೆ ಒರೆಸಿಕೊಂಡಳು. "ಅಂಗಾರೆ ಅವ್ನೂ ಚರ್ಚೆಗೇ ಬತ್ತಾನೆ ಬುಡಿ."

ಹುಣಸೂರಿನಲ್ಲಿ ಸಭೆಯ ಕಟ್ಟಡಕ್ಕೂ ಆಸ್ಪತ್ರೆಗೂ ಕೂಗಳತೆ. ಡ್ರೈವರ್ ನಟರಾಜು ಕುಳ್ಳನ ಹೆಗಲಿಗೆ ಹೆಗಲು ಕೊಟ್ಟು ಅತ್ತ ಕರೆದೊಯ್ದ. ಇತ್ತ ವೇದಿಕೆಯ ಮೇಲೆ ಕೆ.ಆರ್. ನಗರದ ಅಕ್ಕಿ ಗಿರಣಿಯ ಷಣ್ಮುಖಪ್ಪ ಮೇಜು ಗುದ್ದುತ್ತಿದ್ದರು. ಮೇಷ್ಟರು ಉಚಿತ ಬೇಕೆಂದರೆ ಷಣ್ಮುಖಪ್ಪ ಬೇಡ ಎನ್ನುವ ಪಕ್ಷ. "ಪುಕ್ಕಟೆ ಕೊಟ್ಟರೆ ಬೆಲೆ ಇರೋದಿಲ್ಲ ಕಣ್ರೀ! ಬಿಟ್ಟಿ ಮಾತ್ರೆ ಕೊಟ್ಟು ನೋಡಿ, ಜನ ಕೋಳಿಗೆ ಹಾಕ್ತಾರೆ!" ಆಮೇಲೆ ಮೇಷ್ಟರು ಜವರಿಯನ್ನು ಮೈಕಿನ ಮುಂದೆ ನಿಲ್ಲಿಸಿ, ಚಿಕಿತ್ಸೆ ಎಲ್ಲರ ಹಕ್ಕಲ್ಲವೇನಮ್ಮ ಎಂದು ಕೇಳಿದರು. ಅವಳು "ಔದು" ಅಂದಳು. ದೊಡ್ಡ ಚಪ್ಪಾಳೆ. ಅಷ್ಟರಲ್ಲಿ ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿಸಿಕೊಂಡ ಕುಳ್ಳ ಕುಂಟುತ್ತ ಒಳಬಂದ. ಮುರಿದ ಕಾಲಲ್ಲೂ ಚರ್ಚೆಗೆ ಬಂದನಲ್ಲ ಎಂದು ಸಭೆ ಇನ್ನೊಂದು ಸಲ ಚಪ್ಪಾಳೆ ತಟ್ಟಿತು.

ಪಿರಿಯಾಪಟ್ಟಣದ ಚರ್ಚೆಗೆ ಜೀಪು ಬರುವ ಹೊತ್ತಿಗೆ ಹಾಡಿಯವರು ತಮ್ಮ ಪ್ರತಿನಿಧಿಗಳನ್ನು ಆರಿಸಿಟ್ಟಿದ್ದರು. ಬಾಯಿ ಇದ್ದವರನ್ನಲ್ಲ, ಬೇನೆ ಇದ್ದವರನ್ನು. ಕೆಮ್ಮಿ ಕೆಮ್ಮಿ ಬಾಗಿಹೋದ ಮಂಟಯ್ಯ, ಕಣ್ಣಿಗೆ ಪೊರೆ ಬಂದ ಮುದುಕಿ, ಮೈಯೆಲ್ಲ ಕಜ್ಜಿಯಾದ ಎರಡು ಮಕ್ಕಳು. ಇವರಿಗೆಲ್ಲ ಮುಂದಾಳು ಜವರಿ. ಹಿಂದಿನ ಸಾಲಿನಲ್ಲಿ ಕೂತವರು ಒಬ್ಬೊಬ್ಬರಾಗಿ ಎದ್ದು ಹೋಗಿ, ಚೀಟಿ ಮಾತ್ರೆಗಳೊಂದಿಗೆ ಬಂದು ಮತ್ತೆ ಕೂರುತ್ತಿದ್ದರು. ಟೀ ಕುಡಿಯಲು ಹೋಗುತ್ತಾರೆಂದು ಮೇಷ್ಟರು ತಿಳಿದರು. ಕಾಡಿನ ಜನರ ಭಾಗವಹಿಸುವಿಕೆ ಸಭೆಯಿಂದ ಸಭೆಗೆ ಹೆಚ್ಚುತ್ತಿದೆ ಎಂದು ಡೆಲ್ಲಿಗೆ ವರದಿ ಬರೆದರು. ನಟರಾಜುವಿಗೆ ಎಲ್ಲ ಗೊತ್ತಿತ್ತು. ಅವನು ಸುಮ್ಮನೆ ಹಿಂದಿನ ಸೀಟಿಗೆ ಒಂದು ಕಂಬಳಿ ಹಾಸಿಟ್ಟ.

ಎಡವಟ್ಟಾದದ್ದು ಕೆ.ಆರ್. ನಗರದಲ್ಲಿ. ಅಂದು ಮೇಷ್ಟರ ಮಾತು ನೆಲಕ್ಕೆ ಬೀಳಲಿಲ್ಲ. ಮಿರ್ಲೆಯ ಹೆಂಗಸರು, ಭೇರ್ಯದ ರೈತರು ಎಲ್ಲರೂ ಉಚಿತ ಚಿಕಿತ್ಸೆಗೆ ಕೈಯೆತ್ತಿದರು. ಸ್ವಂತ ಊರಲ್ಲೇ ಷಣ್ಮುಖಪ್ಪ ಒಂಟಿಯಾಗಿ ತಲೆ ಬಗ್ಗಿಸಿ ಕೂತರು. ಮೇಷ್ಟರು ಮೈಕಿಗೆ ಬಂದರು. "ಸರ್ವಾನುಮತದಿಂದ ಒಪ್ಪಿದ್ದೇವೆ. ಇದನ್ನು ಸರ್ಕಾರಕ್ಕೆ ಕಳಿಸಿ, ನಮ್ಮ ಚರ್ಚೆಗೆ ಇಲ್ಲಿಗೆ ಮಂಗಳ ಹಾಡೋಣ."

ಜವರಿ ಪಕ್ಕದಲ್ಲಿದ್ದ ನಟರಾಜುವನ್ನು ತಿವಿದಳು. "ಮಂಗ್ಳ ಅಂದ್ರೇನ್ಲಾ?"

"ಮುಗೀತು ಅಂತ ಕಣಕ್ಕ."

"ಜೀಪು?"

"ಅದೂ ಮುಗೀತು. ವಾಪಸ್ ಡೆಲ್ಲಿಯೋರಿಗೆ."

ಜವರಿಯ ಮನೆಯಲ್ಲಿ ಮಗಳು ರೇಣುಕಾ ತುಂಬು ಬಸುರಿ. ಮೊದಲ ಹೆರಿಗೆಯಲ್ಲಿ ಅಂತರಸಂತೆಯ ದಾರಿಯಲ್ಲೇ ಮಗು ಹೋಗಿತ್ತು, ಮಗಳು ಉಳಿದದ್ದೇ ಹೆಚ್ಚು. ಈ ಸಲ ಜೀಪು ಇದೆಯಲ್ಲ ಎಂಬ ಒಂದೇ ಧೈರ್ಯದಲ್ಲಿ ಜವರಿ ಇದ್ದಳು. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಎದ್ದು ನಿಂತಿದ್ದಳು.

"ನಂಗೆ ಒಪ್ಗೆ ಇಲ್ಲ ಸ್ವಾಮಿ."

ಸಭೆಯೆಲ್ಲ ಅವಳತ್ತ ತಿರುಗಿತು. ಉಚಿತದ ವಿರುದ್ಧ ಅವಳು ಕೇಳಿದ್ದು ಒಬ್ಬರದೇ ಮಾತು, ಅದನ್ನೇ ಒಪ್ಪಿಸಿದಳು. "ಪುಕ್ಕಟೆ ಕೊಟ್ರೆ ಬೆಲೆ ಇರಾಕಿಲ್ಲ. ಬಿಟ್ಟಿ ಮಾತ್ರೆ ಕೊಟ್ರೆ ಜನ ಕೋಳಿಗ್ ಆಕ್ತಾರೆ." ಅವಳ ಮನೆಯಲ್ಲಿ ಕೋಳಿಯೇ ಇರಲಿಲ್ಲ. "ಇದ್ನ ಇನ್ನೊಂದ್ಸಲ ಕುಂತು ಮಾತಾಡ್ಬೇಕು. ಕ್ವಾಟೆನಲ್ಲೇ ಮಾತಾಡ್ಬೇಕು. ಬರೋ ಅಮಾಸೆ ಆಸುಪಾಸ್ನಾಗೆ."

ಷಣ್ಮುಖಪ್ಪ ಎದ್ದು ಬಂದು ಅವಳಿಗೆ ಕೈಮುಗಿದೇಬಿಟ್ಟರು. ಮೇಷ್ಟರ ಮುಖ ನೋಡಲು ಜವರಿಗೆ ಧೈರ್ಯವಾಗಲಿಲ್ಲ. ಮಗನೇ ತಿರುಗಿಬಿದ್ದ ಅಪ್ಪನ ಹಾಗಿದ್ದರು ಅವರು. ಆದರೂ ನ್ಯಾಯವಂತ ಮನುಷ್ಯ. ಒಬ್ಬಳಿಗೇ ಆದರೂ ಭಿನ್ನಾಭಿಪ್ರಾಯವಿದ್ದ ಮೇಲೆ ಚರ್ಚೆ ಮುಗಿಯುವಂತಿಲ್ಲ ಎಂದು ಎಚ್.ಡಿ. ಕೋಟೆಗೆ ದಿನ ಗೊತ್ತುಮಾಡಿದರು.

ಕೋಟೆಯ ಸಭೆಗೆ ರೇಣುಕಾ ಯುವ ಮಹಿಳೆಯರ ಪ್ರತಿನಿಧಿಯಾಗಿ ಬಂದಳು. ಕಾಡಿನ ಹೆಂಗಸೊಬ್ಬಳು ಉಚಿತ ಬೇಡವೆಂದ ಸುದ್ದಿ ಪತ್ರಿಕೆಯಲ್ಲಿ ಫೋಟೋ ಸಮೇತ ಬಂದಿದ್ದರಿಂದ, ಮೈಸೂರಿನಿಂದ ಒಬ್ಬ ಅಧಿಕಾರಿಯೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲ ಸರಿಯಾಗಿತ್ತು, ರೇಣುಕಾಳಿಗೆ ನೋವು ಮಾತ್ರ ಬಂದಿರಲಿಲ್ಲ. ಸಂಜೆಯಾಗುತ್ತ ಬಂತು. ಮೇಷ್ಟರು ಜವರಿಯ ಒಂದೊಂದು ಮಾತಿಗೂ ಸಮಾಧಾನ ಹೇಳಿ, "ಈಗಲಾದರೂ ಒಪ್ಪಿಗೆಯೇನಮ್ಮ?" ಎಂದು ಕೇಳುತ್ತಿದ್ದರು.

"ಇನ್ನೂ ಒಸಿ ಅನುಮಾನ ಅದೆ."

ಚರ್ಚೆ ಮಾರನೆಯ ದಿನಕ್ಕೆ ಹೋಯಿತು. ಅಧಿಕಾರಿ ಮಾತ್ರ, ಕೇಳಬೇಕಾದ್ದನ್ನು ಕೇಳಿಯಾಯಿತು ಎಂದು ಸಂಜೆಯೇ ಮೈಸೂರಿನ ದಾರಿ ಹಿಡಿದರು. ಮರುದಿನ ಬೆಳಗ್ಗೆ, ರಾತ್ರಿ ಉಳಿದಿದ್ದ ಛತ್ರದಲ್ಲಿ ರೇಣುಕಾಳಿಗೆ ನೋವು ಕಾಣಿಸಿಕೊಂಡಿತು. ನಟರಾಜು ಅವಳನ್ನು ಆಸ್ಪತ್ರೆಗೆ ಸೇರಿಸಿದ, ಜವರಿ ವೇದಿಕೆ ಹತ್ತಿದಳು. ಬಾಯಿ ಕೋಳಿಗಳ ಬಗ್ಗೆ ಮಾತಾಡುತ್ತಿತ್ತು, ಜೀವವೆಲ್ಲ ಬಾಗಿಲ ಕಡೆಗಿತ್ತು. ನಡುನಡುವೆ ಮಾತು ತಪ್ಪಿ ಸುಮ್ಮನೆ ನಿಂತುಬಿಡುತ್ತಿದ್ದಳು. ಎಷ್ಟು ಯೋಚಿಸಿ ಮಾತಾಡುತ್ತಾಳೆ ಎಂದು ಷಣ್ಮುಖಪ್ಪ ಪಕ್ಕದವರಿಗೆ ಹೇಳಿದರು. ಕೊನೆಗೆ ನಟರಾಜು ಬಾಗಿಲಲ್ಲಿ ಕಾಣಿಸಿಕೊಂಡು, ಎರಡೂ ಕೈ ಸೇರಿಸಿ ತೊಟ್ಟಿಲಿನ ಹಾಗೆ ತೂಗಿ ತೋರಿಸಿ ನಕ್ಕ.

"ಆಯ್ತು ಬುಡಿ ಸ್ವಾಮಿ, ನೀವ್ ಯೋಳಿದ್ದೇ ಸರಿ," ಎಂದವಳೇ ಜವರಿ ಮೈಕು ಬಿಟ್ಟು ಓಡಿದಳು.

ಹೆಣ್ಣುಮಗು. ತಾಯಿ ಮಗು ಇಬ್ಬರೂ ಗಟ್ಟಿಯಾಗಿದ್ದರು. ಮೇಷ್ಟರು ಸರ್ವಾನುಮತದ ನಿರ್ಣಯವನ್ನು ಮೇಲಕ್ಕೆ ಕಳಿಸಿದರು. ಆದರೆ ಮೇಲಿನವರ ಕೈಗೆ ಅಧಿಕಾರಿಯ ಟಿಪ್ಪಣಿ ಮೊದಲೇ ಸೇರಿತ್ತು. ಕಾಡಿನ ಬಡವರೇ ಪುಕ್ಕಟೆ ಬೇಡ ಎನ್ನುತ್ತಿದ್ದಾರೆ ಎಂದು ಅದರಲ್ಲಿತ್ತು.

ಕೆಲವು ತಿಂಗಳ ಮೇಲೆ ಮೊಮ್ಮಗಳಿಗೆ ಜ್ವರ ಬಂದು, ಜವರಿ ನಡೆದೂ ಬಸ್ಸು ಹತ್ತಿಯೂ ಪೇಟೆ ಆಸ್ಪತ್ರೆಗೆ ಹೋದಳು. ಅಲ್ಲಿ ಹೊಸದೊಂದು ಕಿಟಕಿ, ಶುಲ್ಕ ಕಟ್ಟಿ ಚೀಟಿ ಪಡೆಯಬೇಕಂತೆ. ಇದ್ಯಾವ ನ್ಯಾಯ ಎಂದು ಅವಳು ಜಗಳಕ್ಕೆ ನಿಂತಳು. ಒಳಗಿದ್ದವನು ಅವಳನ್ನೇ ದಿಟ್ಟಿಸಿ, "ಪೇಪರ್‌ನಲ್ಲಿ ಬಂದಿದ್ದೋರು ನೀವೇ ಅಲ್ವೇನಮ್ಮ? ಬಿಟ್ಟಿ ಕೊಡಬೇಡಿ ಅಂದೋರು?" ಎಂದ. ಜವರಿ ಸೆರಗಿನ ಗಂಟು ಬಿಚ್ಚಿ ದುಡ್ಡು ಕಟ್ಟಿದಳು. ಹಿಂದೆ ನಿಂತಿದ್ದವರ ಬೈಗುಳ ಯಾರಿಗೆಂದು ಅವಳಿಗೆ ಗೊತ್ತಿತ್ತು. ತಲೆಯೆತ್ತದೆ ಮಗುವಿಗೆ ಸೂಜಿ ಹಾಕಿಸಿಕೊಂಡು ಬಂದಳು.

ಅದಾದ ಮೇಲೆ ಒಂದು ಮಧ್ಯಾಹ್ನ ಮೇಷ್ಟರೇ ಹಾಡಿಗೆ ಬಂದರು. ಲೆಕ್ಕಪತ್ರವೆಲ್ಲ ಮುಗಿಸಿ ಈಗ ಜೀಪನ್ನು ಹಿಂದಿರುಗಿಸಲು ಹೊರಟವರು ದಾರಿ ತಿರುಗಿಸಿಕೊಂಡು ಬಂದಿದ್ದರು. ಜಗುಲಿಯಲ್ಲಿ ಕೂತು ನೀರು ಕುಡಿದು, "ಯಾಕಮ್ಮ ಹಾಗೆ ಮಾಡಿದೆ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಜವರಿ ಒಳಗಿಂದ ಮೊಮ್ಮಗಳನ್ನು ತಂದು ಅವರ ಮಡಿಲಲ್ಲಿ ಮಲಗಿಸಿದಳು. "ಚರ್ಚೆ ಮುಗುದ್ರೆ ಜೀಪು ಓಯ್ತದೆ ಅಂದ್ರು. ಇವಳಿನ್ನೂ ಉಟ್ಟಿರ್ಲಿಲ್ಲ ಕಣ್ ಸ್ವಾಮಿ."

ನಟರಾಜು ತನಗೇನೂ ಗೊತ್ತಿಲ್ಲದವನಂತೆ ಜೀಪಿನ ಗಾಜು ಒರೆಸುತ್ತ ನಿಂತ. ಮಗು ಮೇಷ್ಟರ ಕನ್ನಡಕಕ್ಕೆ ಕೈ ಹಾಕಿತು.

"ಆಸ್ಪತ್ರೆಯಲ್ಲಿ ಶುಲ್ಕ ಇರಬೇಕೋ ಬೇಡವೋ ಅಂತ ಹೊಸ ಚರ್ಚೆ ಇಟ್ಟರೆ ಡೆಲ್ಲಿಯವರು ಬೇಡ ಅನ್ನಲಾರರು," ಎಂದರು ಅವರು ಅದನ್ನು ಬಿಡಿಸಿಕೊಳ್ಳುತ್ತ. "ಷಣ್ಮುಖಪ್ಪನವರಂತೂ ಬಂದೇ ಬರುತ್ತಾರೆ."

"ಈ ಸಲ ನಾ ಯಾರ್ ಕಡೆ ಮಾತಾಡ್ಲಿ ಸ್ವಾಮಿ?"

"ಯಾರ ಕಡೆಯಾದರೂ ಮಾತಾಡು," ಎಂದರು ಮೇಷ್ಟರು. "ಬೇಗ ಮಾತ್ರ ಒಪ್ಪಬೇಡ."