ಗಂಟೆಯಣ್ಣನ ಹಾಜರಿ

ನಿಲ್ಲಲು ಬಾರದ ನನಗೆ ‘ನಿಲ್ದಾಣ’ ಎಂದು ಹೆಸರಿಟ್ಟವರು ಪಕ್ಕದ ಮನೆಯ ಗಂಟೆಯಣ್ಣ. ಊರಿನ ಬಸ್ಸುಗಳಲ್ಲಿ ‘ಮುಂದಿನ ನಿಲ್ದಾಣ’ ಎಂದು ಹೇಳುವ ದನಿ ನನ್ನದು. ಹತ್ತು ವರ್ಷದ ಹಿಂದೆ ಮೆಟ್ಟಿಲಿನಿಂದ ಉರುಳಿ, ಸೊಂಟದಿಂದ ಕೆಳಕ್ಕೆ ಸುದ್ದಿ ಹೋಗುವುದೇ ನಿಂತ ಮೇಲೆ, ಕೂತಲ್ಲಿಂದಲೇ ಇಡೀ ಊರನ್ನು ನಿಲ್ಲಿಸುತ್ತ, ಇಳಿಸುತ್ತ ಬಂದಿದ್ದೇನೆ. ಮೂರನೆಯ ಮಹಡಿಯ ನನ್ನ ಕೋಣೆಯ ಗೋಡೆಗಳಿಗೆಲ್ಲ ಹಳೆಯ ಹಾಸಿಗೆಗಳನ್ನು ಒರಗಿಸಿ ಕಟ್ಟಿದ್ದೇನೆ. ಹೊರಗಿನ ಸದ್ದು ಧ್ವನಿಮುದ್ರಣಕ್ಕೆ ನುಸುಳಬಾರದಲ್ಲ. ಕೋಣೆಗೆ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ: ಇಲ್ಲಿ ಹಾಸಿಗೆ ಇರುವುದು ಗೋಡೆ ಮಲಗಲಿಕ್ಕೆ.

ಆ ಮಹಡಿಯಲ್ಲಿ ಇರುವುದು ಎರಡೇ ಮನೆ. ಇನ್ನೊಂದರಲ್ಲಿ ಗಂಟೆಯಣ್ಣ ಒಬ್ಬರೇ. ಗಡಿಯಾರ ರಿಪೇರಿ ಅವರ ಕಸುಬು. ಚಿಕ್ಕಂದಿನಲ್ಲೇ ಸೊರಗಿದ ಎರಡೂ ಕಾಲಿಗೆ ಕಬ್ಬಿಣದ ಪಟ್ಟಿ ಬಿಗಿದುಕೊಂಡು, ಊರುಗೋಲಿನ ಮೇಲೆ ಓಡಾಡುತ್ತಾರೆ. ಮನೆಯಲ್ಲಿ ಸಣ್ಣ ಗಡಿಯಾರ ನಾಲ್ಕು, ಗೋಡೆಯ ದೊಡ್ಡದು ಒಂದು. ಸಣ್ಣವಕ್ಕೆ ದಿನಾ ಸಂಜೆ ಕೀ ಕೊಡಬೇಕು, ದೊಡ್ಡದಕ್ಕೆ ಶನಿವಾರ ಸಂಜೆ. ಹಾಸಿಗೆ ಕಟ್ಟಿದ ಗೋಡೆಯನ್ನೂ ದಾಟಿ ನನಗೆ ಕೇಳುವ ಸದ್ದು ಎಂದರೆ ಆ ಐದು ಗಡಿಯಾರ ಗಂಟೆ ಹೊಡೆಯುವುದು. ಐದೂ ಒಟ್ಟಿಗೆ ಹೊಡೆದದ್ದು ಇಲ್ಲವೇ ಇಲ್ಲ. ಕೇಳಿದರೆ, “ಒಂದೇ ಮನೇಲಿರೋ ಐದು ಜನ ಯಾವತ್ತಾದ್ರೂ ಒಂದೇ ಮಾತು ಹೇಳ್ತಾರೇನೋ?” ಎನ್ನುತ್ತಿದ್ದರು.

ನಮ್ಮದೊಂದು ಬಳಗವಿದೆ. ಸುತ್ತಲಿನ ನಾಲ್ಕು ಬೀದಿಗಳಲ್ಲಿ ಒಬ್ಬೊಬ್ಬರೇ ಇರುವ, ಕೈಯೋ ಕಾಲೋ ಮಾತು ಕೇಳದ ಏಳು ಜನ. ಮೊದಲು ಎಂಟು ಜನವಿದ್ದೆವು. ಎಂಟನೆಯವರು ಮಂಚದಿಂದ ಜಾರಿ ಬಿದ್ದಿದ್ದು ಯಾರಿಗೂ ತಿಳಿಯಲಿಲ್ಲ. ನಾಲ್ಕನೆಯ ದಿನ ಬಾಗಿಲು ಒಡೆಯಬೇಕಾಯಿತು. ಒಡೆಯಲು ಕಾರಣವಾದದ್ದು ಕೂಗಲ್ಲ, ವಾಸನೆ. ಅದರ ಮರುದಿನವೇ ಟೀಚರಮ್ಮ ಹಾಜರಿ ಶುರು ಮಾಡಿದರು. ಪಾರ್ಶ್ವವಾಯು ಬಡಿದು ಬಲಗೈ ಹೋಗಿರುವ ಅವರು, ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಬೆಳಿಗ್ಗೆ ಏಳಕ್ಕೆ ಎಲ್ಲರೂ ತಾವೇ ಬಂದು ಸೇರುವ ಒಂದೇ ಫೋನ್ ಕರೆಯಲ್ಲಿ ಹೆಸರು ಕೂಗುತ್ತಾರೆ. ಉತ್ತರ ಬಂದರೆ ಪುಸ್ತಕದಲ್ಲಿ ಗುರುತು. ಬಾರದಿದ್ದರೆ ಲಾಂಡ್ರಿ ಮಾವ ಹೊರಡಬೇಕು. ನಮ್ಮ ಕಟ್ಟಡದ ಕೆಳಗೆ ಲಾಂಡ್ರಿ ಇಟ್ಟುಕೊಂಡಿರುವ, ಕೈಕಾಲು ನೆಟ್ಟಗಿರುವ ಮನುಷ್ಯ ಅವರು. ಏಳೂ ಮನೆಯ ಬೀಗದ ಕೈಗಳು ಅವರ ಗೋಡೆಯ ಮೊಳೆಗಳಲ್ಲಿ ತೂಗುತ್ತಿರುತ್ತವೆ. ಒಳಗಿನಿಂದ ಯಾರೂ ಚಿಲಕ ಹಾಕಬಾರದು ಎನ್ನುವುದು ಬಳಗದ ಎರಡನೆಯ ನಿಯಮ.

ಒಬ್ಬೊಬ್ಬರದು ಒಂದೊಂದು ಉತ್ತರ. ಹೊಲಿಗೆ ಅಕ್ಕ, “ಹರಿದಿಲ್ಲ, ಇದ್ದೀನಿ” ಎನ್ನುತ್ತಾಳೆ. ಗಂಟೆಯಣ್ಣ ಗಂಟಲಲ್ಲಿ ಎರಡು ಸಲ ಕೆಮ್ಮಿ, “ಇನ್ನೂ ನಡೀತಿದೆ” ಎನ್ನುತ್ತಾರೆ.

ಎನ್ನುತ್ತಿದ್ದರು. ನಾಲ್ಕು ತಿಂಗಳಿಂದ ಅದನ್ನು ಹೇಳುತ್ತಿದ್ದುದು ನಾನು.

ಶುರುವಾದದ್ದು ತಮಾಷೆಗೆ. “ಬದುಕಿದ್ದೀನಾ ಅಂತ ದಿನಾ ಪರೀಕ್ಷೆ ಬರೀಬೇಕೇನೋ? ರಾತ್ರಿಯೆಲ್ಲ ಕೆಲಸ ಮಾಡ್ತೀನಿ, ಬೆಳಿಗ್ಗೆ ಹತ್ತರವರೆಗಾದ್ರೂ ಮಲಗೋಣ ಅಂದ್ರೆ ಈ ಟೀಚರಮ್ಮನ ಕಾಟ. ನೀನು ಹೇಗೂ ಎಲ್ಲರ ದನಿ ಕದೀತೀಯ. ನನ್ನದನ್ನೂ ಹೇಳಿಬಿಡು” ಎಂದರು.

“ಪ್ರಾಕ್ಸಿ ಹಾಕೋದಾ? ಕಾಲೇಜಲ್ಲಿ ಹಾಕಿ ಸಿಕ್ಕಿಬಿದ್ದಿದ್ದೀನಣ್ಣ.”

“ಅಲ್ಲಿ ಮೇಷ್ಟ್ರಿಗೆ ಕಣ್ಣಿತ್ತು. ಇಲ್ಲಿ ಫೋನಿಗೆ ಕಿವಿ ಮಾತ್ರ.”

ಮೊದಲ ದಿನ ಹೇಳಿದಾಗ ಯಾರಿಗೂ ಅನುಮಾನ ಬರಲಿಲ್ಲ. ನನಗಾದ ಖುಷಿ ಅಷ್ಟಿಷ್ಟಲ್ಲ. ಹತ್ತೂವರೆಗೆ ಅವರು ಊರುಗೋಲು ಕುಟ್ಟುತ್ತ ನನ್ನ ಬಾಗಿಲಿಗೆ ಬಂದು, ಅರ್ಧ ಲೋಟ ಕಾಫಿ ಕುಡಿದು, “ಇವತ್ತು ಹೇಗಿದ್ದೆ ನಾನು?” ಎಂದು ಕೇಳುತ್ತಿದ್ದರು. “ಸ್ವಲ್ಪ ನೆಗಡಿ ಇತ್ತು” ಎಂದು ನಾನು. ಆ ಕಾಫಿಯೇ ನಮ್ಮ ನಿಜವಾದ ಹಾಜರಿಯಾಗಿತ್ತು. ಆ ದಿನ ಅವರು ಬಂದರೆ ಲೆಕ್ಕ ಸರಿ.

ಒಂದು ಗುರುವಾರ ಅವರು ಲೋಟ ಕೆಳಗಿಟ್ಟು ಹೇಳಿದರು: “ಒಂದು ಹೋಟೆಲಿನ ಹಳೇ ಗಡಿಯಾರ ಬಂದಿದೆ. ಸೋಮವಾರ ಕೊಡಬೇಕು. ಅಲ್ಲೀವರೆಗೆ ಕಾಫಿಗೂ ಬರಲ್ಲ, ಬಾಗಿಲೂ ಬಡೀಬೇಡ. ಹಾಜರಿ ನಿನ್ನ ಜವಾಬ್ದಾರಿ.”

ನನಗೂ ಹೊಸ ಮಾರ್ಗವೊಂದರ ತೊಂಬತ್ತೆರಡು ನಿಲ್ದಾಣಗಳ ಕೆಲಸವಿತ್ತು. ಕಿವಿಗೆ ಹೆಡ್‌ಫೋನ್ ಏರಿಸಿ ಕೂತೆ.

ಶುಕ್ರವಾರ ಏಳಕ್ಕೆ ಎಂದಿನಂತೆ ಬಚ್ಚಲಿನ ಕಿಟಕಿ ತೆರೆದು ಅದರ ಪಕ್ಕ ಗಾಲಿಕುರ್ಚಿ ನಿಲ್ಲಿಸಿ, ಫೋನನ್ನು ಸ್ಪೀಕರಿಗೆ ಹಾಕಿದೆ. ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಗುವುದು ಅಲ್ಲಿ. ಆ ಕಿಟಕಿಯ ಹೊರಗೆ ಕಟ್ಟಡದ ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಗಾಳಿಗುಂಡಿ. ಅದರ ಆಚೆ, ಎರಡು ಮಾರು ದೂರದಲ್ಲಿ ಗಂಟೆಯಣ್ಣನ ಬಚ್ಚಲಿನ ಕಿಟಕಿ. ಕೆಳಗೆ ನೀರಿನ ಪಂಪು ಗುಂಯ್ ಎನ್ನುತ್ತಿತ್ತು. ಟೀಚರಮ್ಮ ಕೂಗಿದರು. ಎರಡು ಕೆಮ್ಮು, “ಇನ್ನೂ ನಡೀತಿದೆ.” ಪುಸ್ತಕದಲ್ಲಿ ಗುರುತು ಬಿತ್ತು.

ಶನಿವಾರ ಎಚ್ಚರವಾದಾಗ ಏನೋ ಕಡಿಮೆಯಾದಂತಿತ್ತು. ಆರು ಗಂಟೆ ಹೊಡೆದದ್ದು ಒಂದೇ ಗಡಿಯಾರ, ದೊಡ್ಡದು. ಸಣ್ಣ ನಾಲ್ಕೂ ಸುಮ್ಮನಿದ್ದವು. ಹೊಸ ಗಡಿಯಾರದ ಟಿಕ್ ಟಿಕ್ ಸರಿಯಾಗಿ ಕೇಳಲಿ ಎಂದು ಅವರೇ ಇವುಗಳ ಬಾಯಿ ಕಟ್ಟಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯಿತು.

ಹಾಜರಿಯಲ್ಲಿ ನನ್ನ ಕೆಮ್ಮು ಅಂದು ತುಸು ಧಾರಾಳವಾಯಿತು. ಎರಡರ ಜಾಗದಲ್ಲಿ ಐದು.

“ಇದೇನ್ರೀ ಕೆಮ್ಮು? ಔಷಧಿ ತಗೊಂಡ್ರಾ?” ಎಂದರು ಟೀಚರಮ್ಮ.

“ತಗೊಂಡೆ, ತಗೊಂಡೆ” ಎಂದೆ, ಗಂಟೆಯಣ್ಣನ ಸಿಡುಕಿನಲ್ಲಿ.

“ಬಿಸಿ ಬಿಸಿ ಏನಾದ್ರೂ ತಗೊಂಡು ಮೇಲೆ ಬರ್ಲಾ ಅಣ್ಣಾ?” ಲಾಂಡ್ರಿ ಮಾವನ ದನಿ. “ಎರಡೇ ನಿಮಿಷ.”

ಅವರು ಬಂದರೆ ಮಲಗಿರುವವರನ್ನು ಎಬ್ಬಿಸುತ್ತಾರೆ, ಗುಟ್ಟು ಬಯಲಾಗುತ್ತದೆ. “ಯಾರೂ ಬರೋದು ಬೇಡಪ್ಪ. ಕೆಲಸದಲ್ಲಿದ್ದೀನಿ. ನನ್ನ ಪಾಡಿಗೆ ನನ್ನ ಬಿಡಿ” ಎಂದುಬಿಟ್ಟೆ.

“ಬಿಡು ಮಾವ, ಅಣ್ಣ ಇವತ್ತು ಅಲಾರಂ ಇಟ್ಕೊಂಡು ಸಿಟ್ಟಾಗಿದ್ದಾರೆ” ಎಂದಳು ಹೊಲಿಗೆ ಅಕ್ಕ. ಎಲ್ಲರೂ ನಕ್ಕರು. ನಾನು ಎರಡು ದನಿಯಲ್ಲಿ ನಕ್ಕೆ.

ಆಗ ಗಾಳಿಗುಂಡಿಯಾಚೆ ಏನೋ ತಗಡಿಗೆ ತಾಗಿದಂತಾಯಿತು. ಪಾರಿವಾಳ ಇರಬೇಕು ಎಂದು ಕಿಟಕಿ ಮುಚ್ಚಿದೆ.

ಭಾನುವಾರ ಬೆಳಿಗ್ಗೆ ಟೀಚರಮ್ಮ ಅವರ ಹೆಸರು ಕೂಗಿದಾಗ ನನ್ನ ಬಾಯಿ ತಕ್ಷಣ ತೆರೆಯಲಿಲ್ಲ. ಇವತ್ತೊಂದು ದಿನ ಸುಮ್ಮನಿದ್ದುಬಿಟ್ಟರೆ? ಮಾವ ಮೇಲೆ ಬರುತ್ತಾರೆ. ಗಂಟೆಯಣ್ಣ ಕಣ್ಣುಜ್ಜಿಕೊಂಡು ಬಾಗಿಲು ತೆಗೆದು ಇಬ್ಬರನ್ನೂ ಬೈಯುತ್ತಾರೆ. ಅಷ್ಟೇ ತಾನೆ? ಆದರೆ ನಾಲ್ಕು ತಿಂಗಳ ಸುಳ್ಳು ಆಗ ಹೊರಬೀಳುತ್ತದೆ. ಟೀಚರಮ್ಮ ಎರಡನೆಯ ಸಲ ಕೂಗಿದರು. ಫೋನಿನಲ್ಲಿ ಯಾರೋ ಉಸಿರು ಬಿಗಿಹಿಡಿದದ್ದು ಕೇಳಿಸಿತು.

“ಇನ್ನೂ ನಡೀತಿದೆ” ಎಂದೆ.

ಹನ್ನೊಂದಕ್ಕೆ ದೊಡ್ಡ ಗಡಿಯಾರ ಹೊಡೆಯಿತು. ಒಂದೊಂದು ಏಟಿಗೂ ನಡುವೆ ಅಂತರ ಜಾಸ್ತಿ, ಏದುಸಿರು ಬಿಡುವವರಂತೆ. ಶನಿವಾರ ಸಂಜೆ ಅದಕ್ಕೆ ಕೀ ಕೊಟ್ಟಿರಲಿಲ್ಲ. ಗುರುವಾರದಿಂದ ಈಚೆಗೆ ಯಾವುದಕ್ಕೂ ಕೊಟ್ಟಿರಲಿಲ್ಲ. ನಾನು ಹೆಡ್‌ಫೋನ್ ತೆಗೆದಿಟ್ಟು ಹನ್ನೆರಡಕ್ಕಾಗಿ ಕಾದೆ. ಹನ್ನೆರಡು ಬರಲಿಲ್ಲ.

ಅವರಿಗೆ ಫೋನ್ ಮಾಡಿದೆ. ರಿಂಗಾಯಿತು, ಆಗುತ್ತಲೇ ಹೋಯಿತು. ಹೊರಗೆ ಉರುಳಿಸಿಕೊಂಡು ಹೋದೆ. ಅವರ ಬಾಗಿಲಿನ ಹಿಡಿಗೆ ಸಿಕ್ಕಿಸಿದ ಚೀಲದಲ್ಲಿ ಮೂರು ಹಾಲಿನ ಪ್ಯಾಕೆಟ್. ಕೆಳಗಿನದು ಉಬ್ಬಿಕೊಂಡಿತ್ತು. ಬಡಿದೆ, ಕೂಗಿದೆ. ಆಮೇಲೆ ಲಾಂಡ್ರಿಗೆ ಫೋನ್ ಮಾಡಿದೆ.

“ಮಾವ, ಗಂಟೆಯಣ್ಣನ ಬೀಗದ ಕೈ ತಗೊಂಡು ಓಡಿ ಬನ್ನಿ. ಏನೋ ಆಗಿದೆ.”

“ಯಾರು, ನಿಲ್ದಾಣನಾ? ಹೋದ ತಿಂಗಳು ಟೀಚರಮ್ಮನ ದನೀಲಿ ಫೋನ್ ಮಾಡಿ, ನನ್ನ ಕೈಲಿ ಹನ್ನೆರಡು ಪರದೆ ಹೊರಿಸಿದ್ಯಲ್ಲ, ಇನ್ನೂ ಬೆನ್ನು ನೋವು ಹೋಗಿಲ್ಲ ಕಣಪ್ಪ.”

“ತಮಾಷೆ ಅಲ್ಲ ಮಾವ! ಮೂರು ದಿನದಿಂದ ಅವರು ಹೊರಗೇ ಬಂದಿಲ್ಲ.”

“ಬೆಳಿಗ್ಗೆ ತಾನೆ ಮಾತಾಡಿದ್ರಲ್ಲೋ. ನನ್ನ ಕಿವಿಯಾರೆ ಕೇಳಿದ್ದೀನಿ. ಕೆಲಸದ ಹೊತ್ತಲ್ಲಿ ಆಟ ಆಡ್ಬೇಡ.” ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ನನ್ನ ವಿರುದ್ಧ ಸಾಕ್ಷಿ ಹೇಳುತ್ತಿದ್ದುದು ನನ್ನದೇ ದನಿ. ಮಾವನಿಗೆ ನಾನು ಹೇಳುವ ನಿಜಕ್ಕಿಂತ ಬೆಳಿಗ್ಗೆ ಹೇಳಿದ ಸುಳ್ಳೇ ಹೆಚ್ಚು ನಿಜವಾಗಿ ಕೇಳಿಸಿತ್ತು. ಟೀಚರಮ್ಮನಿಗೆ ಫೋನ್ ಮಾಡಿದೆ.

“ಪುಸ್ತಕ ನನ್ನ ಮುಂದೆಯೇ ಇದೆ” ಎಂದರು ಅವರು. “ಮೂರು ದಿನವೂ ಗುರುತು ಹಾಕಿದ್ದೀನಿ. ಯಾಕೆ ಹೀಗೆಲ್ಲ ಮಾತಾಡ್ತಿದ್ದೀಯ?”

ಬೇರೆ ದಾರಿ ಉಳಿದಿರಲಿಲ್ಲ. ಎರಡು ಸಲ ಕೆಮ್ಮಿದೆ. “ತಗೊಂಡೆ, ತಗೊಂಡೆ. ಯಾರೂ ಬರೋದು ಬೇಡಪ್ಪ. ಕೆಲಸದಲ್ಲಿದ್ದೀನಿ. ನನ್ನ ಪಾಡಿಗೆ ನನ್ನ ಬಿಡಿ. ಇನ್ನೂ ನಡೀತಿದೆ.”

ಆ ಕಡೆ ಪೆನ್ಸಿಲ್ ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳಿಸಿತು.

“ಎಷ್ಟು ದಿನದಿಂದ?”

“ನಾಲ್ಕು ತಿಂಗಳು.”

“ಇವತ್ತು?”

“ಇವತ್ತೂ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನಿಟ್ಟು ಮಾವನಿಗೆ ಮಾಡಿರಬೇಕು, ಎರಡು ನಿಮಿಷಕ್ಕೆ ಲಿಫ್ಟ್ ನರಳುತ್ತ ಮೇಲೆ ಬಂತು. ಅದರಿಂದಿಳಿದ ಲಾಂಡ್ರಿ ಮಾವ ನನ್ನ ಮುಖ ನೋಡದೆ ಬೀಗ ತೆಗೆದು ಒಳಗೆ ಹೋದರು. ಹೊಸ್ತಿಲು ಎತ್ತರವಾದ್ದರಿಂದ ನನ್ನ ಗಾಲಿಗಳು ಹೊರಗೇ ಉಳಿದವು. ಅಲ್ಲಿಂದ ಕಂಡದ್ದು ಗೋಡೆಯ ಗಡಿಯಾರ ಮಾತ್ರ. ಅದು ಹನ್ನೊಂದೂ ನಲವತ್ತಕ್ಕೆ ನಿಂತಿತ್ತು. ಬಚ್ಚಲ ಕಡೆಯಿಂದ ಮಾವನ ಕೂಗು ಕೇಳಿಸಿತು: “ಅಯ್ಯೋ ಅಣ್ಣಾ! ಅಣ್ಣಾ!”

ಜೀವವಿತ್ತು. ಶುಕ್ರವಾರ ಬೆಳಿಗ್ಗೆ ಆರೂವರೆಗೆ ಬಚ್ಚಲಲ್ಲಿ ಊರುಗೋಲು ಜಾರಿ, ತೊಡೆಯ ಮೂಳೆ ಮುರಿದಿತ್ತು. ಕೈಗೆ ಎಟುಕಿದ್ದು ಅರ್ಧ ಬಕೆಟ್ ನೀರು, ಒಂದು ತಗಡಿನ ಚೊಂಬು. ಕೂಗಿ ಕೂಗಿ ಮೊದಲ ದಿನವೇ ಗಂಟಲು ಹೋಗಿತ್ತು.

ಆಂಬುಲೆನ್ಸಿನವರು ಸ್ಟ್ರೆಚರ್ ಹೊರತಂದಾಗ ಅವರ ಕಣ್ಣು ನನ್ನನ್ನು ಹುಡುಕಿತು. ನಾನು ಬಗ್ಗಿದೆ. ದನಿ ಇರಲಿಲ್ಲ, ಬರೀ ಗಾಳಿ.

“ಏಳು ಗಂಟೆಗೆ ಕಾಯ್ತಿದ್ದೆ ಕಣೋ” ಎಂದರು. “ನಾನೇ ಒಪ್ಪಿಸಿದ ಕೆಲಸ, ಗೊತ್ತು. ಆದ್ರೂ ಇವನು ಇವತ್ತು ಮರೀಲಿ, ಇವತ್ತಾದ್ರೂ ಮರೀಲಿ ಅಂತ. ಕಿಟಕೀಲಿ ಎಲ್ಲ ಕೇಳ್ತಿತ್ತು. ಮಾವ ಬರ್ತೀನಿ ಅಂದ. ನಾನು ಬೇಡ ಅಂದೆ. ಚೊಂಬು ಕುಟ್ಟಿದೆ. ನೀನು ಕಿಟಕಿ ಹಾಕ್ಕೊಂಡೆ.”

ನನ್ನ ಬಾಯಿಂದ ಯಾರ ದನಿಯೂ ಹೊರಡಲಿಲ್ಲ.

“ಚೆನ್ನಾಗೇ ಮಾಡ್ತೀಯ” ಎಂದರು. “ಕೆಮ್ಮು ಮಾತ್ರ ಸ್ವಲ್ಪ ಜಾಸ್ತಿ ಆಯ್ತು.”

ಬಳಗ ನನ್ನನ್ನು ಹೊರಗೆ ಹಾಕಲಿಲ್ಲ. ಟೀಚರಮ್ಮ ಒಂದು ಹೊಸ ನಿಯಮ ಮಾಡಿದರು, ಅಷ್ಟೇ. ಏಳು ಗಂಟೆಗೆ ಲಾಂಡ್ರಿ ಮಾವ ಬೀಗ ತೆಗೆದು ನನ್ನ ಬಾಗಿಲಲ್ಲಿ ಬಂದು ನಿಲ್ಲಬೇಕು, ನನ್ನನ್ನು ಕಣ್ಣಾರೆ ನೋಡಬೇಕು. ಅವರ ಕಿವಿಗೂ ಫೋನ್, ನನ್ನ ಕಿವಿಗೂ ಫೋನ್. ಹಾಸಿಗೆ ಕಟ್ಟಿದ ಕೋಣೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಇರುತ್ತೇವೆ. ಮೊದಲು ಅವರು ಬಂದರೆ ಬಾಯಿಗೆ ಬಿಡುವಿರುತ್ತಿರಲಿಲ್ಲ. ಈಗ ಪರದೆಯ ಮಾತೂ ಇಲ್ಲ, ಬೆನ್ನುನೋವಿನ ಮಾತೂ ಇಲ್ಲ. ಗೋಡೆಯಾಚೆ ಒಂದೂ ಗಡಿಯಾರ ಹೊಡೆಯುವುದಿಲ್ಲ.

ಗಂಟೆಯಣ್ಣನ ಹೆಸರನ್ನು ಟೀಚರಮ್ಮ ಬಿಡದೆ ಕೂಗುತ್ತಿದ್ದರು. “ಆಸ್ಪತ್ರೇಲಿದ್ದಾರೆ” ಎಂದು ಮಾವ ಉತ್ತರಿಸುತ್ತಿದ್ದರು. ಹತ್ತನೆಯ ದಿನ ಮಾವ ಬಾಯಿ ತೆರೆಯುವ ಮೊದಲೇ ಫೋನಿನಲ್ಲಿ ಎರಡು ಕೆಮ್ಮು ಕೇಳಿಸಿತು.

“ಇನ್ನೂ ನಡೀತಿದೆ.”

ಯಾರೂ ನಗಲಿಲ್ಲ. ಹೊಲಿಗೆ ಅಕ್ಕ, “ಥೂ, ನಿಲ್ದಾಣ! ನಾಚಿಕೆ ಆಗಲ್ವಾ?” ಎಂದಳು.

“ನಾನಲ್ಲ ಅಕ್ಕ.”

“ಇವನಲ್ಲ” ಎಂದರು ಮಾವ, ನನ್ನ ತುಟಿಯಿಂದ ಕಣ್ಣು ಕೀಳದೆ. “ಬಾಯಿ ಮುಚ್ಕೊಂಡೇ ಇದ್ದಾನೆ. ನೋಡ್ತಾ ಇದ್ದೀನಿ.”

“ನಾನೇ ಕಣ್ರಮ್ಮ” ಎಂದಿತು ಆ ದನಿ. “ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ. ಗಂಟಲು ಬಂತು.”

 ಟೀಚರಮ್ಮ ಕೇಳಿದರು: “ಪಕ್ಕದಲ್ಲಿ ಯಾರಾದ್ರೂ ಇದ್ದಾರಾ? ಅವರ ಕೈಗೆ ಫೋನ್ ಕೊಡಿ.”

“ನಾನು ಹೇಳಿದ್ದು ಸಾಲಲ್ವಾ?”

“ಕೊಡಿ” ಎಂದರು ಟೀಚರಮ್ಮ. ಫೋನ್ ಕೈ ಬದಲಾಯಿಸಿದ ಸದ್ದು ಬಂತು. ಯಾರೋ ನರ್ಸ್, “ಹೌದು, ಇದ್ದಾರೆ. ನನ್ನ ಮುಂದೇನೇ ಇದ್ದಾರೆ” ಎಂದಳು. ಆಗ ಪೆನ್ಸಿಲ್ ಕಾಗದದ ಮೇಲೆ ಗೀಚಿತು.

ಮುಂದಿನ ಹೆಸರು ನನ್ನದು. ಟೀಚರಮ್ಮ ಕೂಗಿದರು. ನಾನು ಉಸಿರೆಳೆದುಕೊಂಡು ಬಾಯಿ ತೆರೆದೆ.

“ಇದ್ದಾನೆ” ಎಂದುಬಿಟ್ಟರು ಲಾಂಡ್ರಿ ಮಾವ.