ಮರಿಯ ಗಂಟಲೊಳಗಿನ ಎಲುಬು

ಸೋಮವಾರ ಪುಣೆಯಲ್ಲಿ ನನ್ನ ತಂಗಿ ಸಿದ್ಧಿಯ ಸಂದರ್ಶನ. ಸೈನ್ಯದ ವೈದ್ಯಕೀಯ ಕಾಲೇಜು. ಪರೀಕ್ಷೆಯ ಅಂಕವಷ್ಟೇ ಸಾಲದು, ಎದುರು ಕೂತು ಮಾತಾಡಿಯೂ ಗೆಲ್ಲಬೇಕು. ಬನಹಟ್ಟಿಯ ನಮ್ಮ ಮನೆಯಲ್ಲಿ ಈ ವರ್ಷ ಬೇರೆ ಸುದ್ದಿಯೇ ಇಲ್ಲ. ಮನೆಯ ತಾಲೀಮಿನಲ್ಲಿ ಪ್ರಶ್ನೆ ಕೇಳುವ ಸಾಹೇಬರ ಪಾತ್ರ ನನಗೆ ಬಂತು. ಬಿ.ಎಸ್ಸಿ. ಮುಗಿಸಿದ ಮೇಲೂ ನನ್ನ ಮಾತೆಲ್ಲ ಡೈರಿಯ ಜೊತೆಗೇ. ತಂಗಿಯ ಮುಂದೆ ಮಾತ್ರ ಅಪ್ಪನ ಕನ್ನಡಕ ಏರಿಸಿಕೊಂಡು ಗದರಿಸಬಲ್ಲೆ.

ಇಂದು ಮಧ್ಯಾಹ್ನ ಅವಳು ಬಂದವಳೇ ಫ್ಯಾನ್ ಆರಿಸಿದಳು.

"ಯಾಕಬೇ? ಸೆಕಿ ಕುದಿಯಾಕತ್ತೇತಿ."

"ಗಾಳಿ ಬಡದ್ರ ಗಂಟಲಾ ಹಿಡದಂಗ ಆಕ್ಕೇತಿ. ನೀವು ಕೇಳ್ರಿ ಸಾಹೇಬ್ರ."

ಬೆಳಗಿನಿಂದ ಅವಳು ಹನಿ ನೀರು ಮುಟ್ಟಿರಲಿಲ್ಲ. ಇಂದು ಚತುರ್ದಶಿ, ನಮ್ಮ ಜೈನರಿಗೆ ಉಪವಾಸದ ದಿನ. ಅರಿವೆಯಲ್ಲಿ ಸೋಸಿದ ನೀರಿನ ತಂಬಿಗೆಯನ್ನು ಅಜ್ಜಿ ಕಮಲಾಬಾಯಿ ಒಡ್ಡಿದಾಗ ಸಿದ್ಧಿ ಮುಖ ತಿರುಗಿಸಿದ್ದಳು. ಅಜ್ಜಿ ಅರಳಿದಳು. "ನಿರ್ಜಲ ಉಪವಾಸ ಹಿಡದಾಳ ನೋಡ ನನ್ನ ಮೊಮ್ಮಗಳು!" ನನ್ನತ್ತ ತಿರುಗಿದಳು. "ಭಕ್ತಿ, ನೀನೂ ಅದೀ, ಚಾ ಇಲ್ಲದ ಹಾಸಗಿ ಬಿಡಂಗಿಲ್ಲ." ಅಪ್ಪ ಬಸದಿಯಲ್ಲೂ ಹೇಳಿ ಬಂದ. ಉಪವಾಸವೇ ಎಂದು ಸಿದ್ಧಿಯನ್ನು ಯಾರೂ ಕೇಳಲಿಲ್ಲ. ಅವಳೂ ಅಲ್ಲವೆನ್ನಲಿಲ್ಲ.

"ಡಾಕ್ಟರ್ ಯಾಕ ಆಗಬೇಕು? ಸೇವಾ ಅಂತ ಎಲ್ಲಾರೂ ಅಂತಾರ. ಖರೆ ನಡದದ್ದು ಹೇಳು."

ಸಿದ್ಧಿ ನೆಟ್ಟಗೆ ಕೂತಳು. ಪುಣೆಯಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕಾದ ಉತ್ತರ ಮೊದಲು ಪುಸ್ತಕದ ಕನ್ನಡದಲ್ಲಿ ಬಾಯಿಪಾಠವಾಗಿ ಬಂತು.

"ಬೇಸಿಗೆಯಲ್ಲಿ ಮುಧೋಳದ ಮಾವನ ಮನೆಯಲ್ಲಿದ್ದೆ, ಸರ್. ನೆರೆಮನೆಯ ಬೇಟೆನಾಯಿಯ ಮರಿ ಊಟ ಬಿಟ್ಟಿತ್ತು. ಜೊಲ್ಲು ಸುರಿಯುತ್ತಿತ್ತು. ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದರು, ಹತ್ತಿರ ಮಾತ್ರ ಯಾರೂ ಹೋಗಲಿಲ್ಲ. ನಾನೇ ಅದರ ಬಾಯಿಯೊಳಗೆ ಕೈ ಹಾಕಿ ಹುಡುಕಿದೆ."

"ಎಲುಬು ಸಿಕ್ತೇನ?"

"ಇಲ್ಲ ಸರ್. ಮರುದಿನ ಮರಿ ಸತ್ತಿತು. ಸೋಲನ್ನು ಒಪ್ಪಿಕೊಳ್ಳುವುದನ್ನು ಅಂದು ಕಲಿತೆ."

ಉತ್ತರ ಚೆನ್ನಾಗಿತ್ತು. ಸಾಹೇಬರು ತಲೆದೂಗುವಂತಿತ್ತು. ಅವಳ ಬಲಗೈ ಬೆರಳುಗಳು ಮಾತ್ರ ಮೇಜಿನ ಅಂಚನ್ನು ತಿಕ್ಕುತ್ತಲೇ ಇದ್ದವು. ನಿನ್ನೆಯಿಂದ ಜುಮುಗುಡುತ್ತವೆ ಅಂದಿದ್ದಳು. ಬರೆದು ಬರೆದು ಹಾಗಾಗಿದೆ ಎಂದು ಅಜ್ಜಿ ಎಣ್ಣೆ ಹಚ್ಚಿದ್ದಳು.

ನಾನು ಕನ್ನಡಕ ತೆಗೆದೆ. "ಹಲ್ಲು ಬಡದಿತ್ತೇನ?"

"ಈಟs ಗೀರಿತ್ತು. ಮರಿ ಹಲ್ಲಬೇ."

"ಸೂಜಿ ಮಾಡಿಸಿದ್ದೇನ?"

"ಕಚ್ಚಿಲ್ಲಲ್ಲ ಅದು. ಮನಿಯಾಗ ಸಾಕಿದ್ದು."

"ಸಿದ್ಧಿ, ಇವತ್ತ ನಿಂದು ಉಪವಾಸ ಐತೇನ?"

ಪಕ್ಕದ ಮನೆಯ ಮಗ್ಗ ಖಟಖಟ ಬಡಿಯುತ್ತಲೇ ಇತ್ತು. ಮೇಜಿನ ಮೇಲಿದ್ದ ನೀರಿನ ತಂಬಿಗೆಯನ್ನು ನಾನು ಮುಂದೆ ಸರಿಸಿದೆ. ಎರಡೂ ಕೈಯಿಂದ ಎತ್ತಿದಳು. ನೀರು ತುಟಿಗೆ ತಾಗುವ ಮೊದಲೇ ಅವಳ ಗಂಟಲು ಒಳಗಿನಿಂದ ಯಾರೋ ಜಗ್ಗಿದಂತೆ ಎಗರಿತು. ತಂಬಿಗೆ ಉರುಳಿತು.

"ಏ ಭಕ್ತಿ, ಅಕೀ ವ್ರತಾ ಕೆಡಸಬ್ಯಾಡ!" ಅಡುಗೆಮನೆಯಿಂದ ಅಜ್ಜಿ.

ಹುಚ್ಚುನಾಯಿ ರೋಗದ ಪಾಠವನ್ನು ನಾನೂ ಓದಿದ್ದೆ, ಅವಳೂ ಓದಿದ್ದಳು. ಆ ಹೆಸರನ್ನು ಇಬ್ಬರೂ ಎತ್ತಲಿಲ್ಲ.

"ಲಕ್ಷಣ ಕಂಡ ಮ್ಯಾಲ ಔಷಧ ಇಲ್ಲಲ್ಲಾ ಅಕ್ಕಾ?" ಈಗ ಅವಳದು ಮನೆಯ ಮಾತು, ಸಣ್ಣ ದನಿ.

ನಾನು ಎದ್ದೆ. ಅವಳು ನನ್ನ ಓಢಣಿ ಹಿಡಿದಳು. ಒದ್ದೆ ಬೆರಳುಗಳು ಬಿಸಿಯಾಗಿದ್ದವು.

"ಸೋಮವಾರತನಾ ಯಾರಿಗೂ ಹೇಳಬ್ಯಾಡ. ಪುಣೆದಾಗ ಸಾಹೇಬ್ರ ಮುಂದಿನ ಆ ಕುರ್ಚಿ ಮ್ಯಾಲ ಒಮ್ಮಿ ಕುಂದರ್ತೇನಿ. ಒಂದs ಸಲ."

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹೊರಗೆ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ ಅಪ್ಪನನ್ನು ಕೂಗಿದೆ. ಜನ್ಮದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ.

"ಅಗೋ, ನಮ್ಮ ಭಕ್ತಿಗೂ ದನಿ ಐತಿ!" ಅಜ್ಜಿ ನಗುತ್ತ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.