ಸಿಮೆಂಟ್ ಡಬ್ಬಿ, ಆರು ತಂತಿ

ಎರಡರಲ್ಲಿ ಒಂದು ಬಿಡು ಅಂತ ನಂಗೆ ಹೇಳ್ದೋರು ಒಬ್ರಾ ಇಬ್ರಾ? ಚರ್ಚಿನ ಫಾದರ್ ಹೇಳಿದ್ರು, "ಅಲೋಶಿಯಸ್, ಭಾರ ಎತ್ತಿ ಎತ್ತಿ ಬೆರಳು ಮರಗಟ್ಟಿದ್ರೆ ಕ್ರಿಸ್ಮಸ್ಸಿಗೆ ಗಿಟಾರ್ ಬಾರಿಸೋನು ಯಾರು?" ಟ್ರಾಕ್ಟರ್ ಓಡಿಸೋ ಕುಳ್ಳಯ್ಯ ಅದನ್ನೇ ಉಲ್ಟಾ ಹೇಳ್ದ, "ಟಿಣ್ ಟಿಣ್ ಅನ್ನಿಸ್ಕಂಡ್ ಕೂತ್ರೆ ತೋಳು ಎಲ್ಲಿಂದ ಬತ್ತದೆ ರೈಟ್ರೇ?" ಇವರ ಬುದ್ಧಿವಾದ ಯಾರಿಗೆ ಬೇಕಾಗಿತ್ತು. ನಾನು ಎರಡನ್ನೂ ಬಿಡ್ಲಿಲ್ಲ. ಮೊದಲು ಗಿಟಾರು, ಆಮೇಲೆ ಭಾರ, ಇದು ನನ್ನ ಪದ್ಧತಿ. ಹಿಂದು ಮುಂದು ಮಾಡಿದ್ರೆ ಕೈ ಗಡಗಡ ಅಂತದೆ, ತಂತಿ ಮೇಲೆ ಬೆರಳು ನಿಲ್ಲಲ್ಲ.

ಎಪ್ಪತ್ತೆಂಟನೇ ಇಸವಿ ಇರ್ಬೇಕು. ಹೆಗ್ಗದ್ದೆ ಕಡೆ ಒಂದು ಕಾಫಿ ಎಸ್ಟೇಟಲ್ಲಿ ನಾನು ರೈಟರ್, ಅಂದ್ರೆ ಆಳುಗಳ ಹಾಜರಿ ಹಾಕೋನು. ಮೇಲೆ ಸಾಹುಕಾರ್ರ ಬಂಗಲೆ, ಕೆಳಗೆ ಆಳುಗಳು ಇರೋ ಲೈನು, ನಡುವೆ ನನ್ನ ಒಂಟಿ ಕ್ವಾರ್ಟರ್ಸು. ಕರೀದೆ ನಾನು ಬಂಗಲೆಗೆ ಹೋಗಂಗಿಲ್ಲ, ಕೆಲಸ ಇಲ್ದೆ ಲೈನೋರು ನನ್ನ ಜಗಲಿ ಹತ್ತಂಗಿಲ್ಲ. ಯಾರೂ ಮಾಡಿದ ಕಾನೂನಲ್ಲ, ಯಾವ ಎಸ್ಟೇಟಿಗೆ ಹೋದ್ರೂ ರೈಟರ್ ಪಾಡು ಅಷ್ಟೆ. ನಮ್ಮೋರೆಲ್ಲ ಮಂಗಳೂರು ಕಡೆ. ಸಂಜೆ ಮಾತಾಡೋಕೆ ನಂಗೆ ಗೋಡೆ ಒಂದೇ ಇತ್ತು.

ಕುಳ್ಳಯ್ಯ ಒಬ್ಬ ಬರ್ತಿದ್ದ. ಟ್ರಾಕ್ಟರ್ ಡ್ರೈವರಿಗೆ ಬಂಗಲೆನೂ ಒಂದೇ, ಲೈನೂ ಒಂದೇ. ಹಳೇ ನೀರಿನ ಪೈಪಿನ ಎರಡು ತುದಿಗೆ ಪೇಂಟ್ ಡಬ್ಬಿ ಇಟ್ಟು, ಸಿಮೆಂಟ್ ಸುರಿದು ನಂಗೆ ಭಾರ ಮಾಡಿಕೊಟ್ಟೋನು ಅವನೇ. ನಾನು ಬೆಂಚಿನ ಮೇಲೆ ಅಂಗಾತ ಮಲಗಿ ಪೈಪನ್ನ ಎದೆಗೆ ಇಳಿಸಿ ಎತ್ತೋವಾಗ, ತಲೆ ಹತ್ರ ನಿಂತು ಕೈ ಒಡ್ಕೊಂಡಿರ್ತಿದ್ದ. ಸುಸ್ತಾದ್ರೆ ಹಿಡ್ಕೊತಿದ್ದ. ಆಮೇಲೆ ಮಗ್ಗೆ ಊರಿನ ಹುಡುಗಿನ ಮದುವೆಯಾಗಿ ಅಲ್ಲೇ ಲಾರಿ ಕೆಲಸಕ್ಕೆ ಸೇರ್ಕೊಂಡು ಹೋಗ್ಬುಟ್ಟ. ಹೋಗೋವಾಗ, "ಒಬ್ರೇ ಎತ್ತಬ್ಯಾಡಿ ರೈಟ್ರೇ, ತಲೆ ತಾವ ಯಾರನ್ನಾರ ನಿಲ್ಲಿಸ್ಕಳಿ" ಅಂದ.

ಯಾರನ್ನ ನಿಲ್ಲಿಸ್ಕಳ್ಳಲಿ? ಲೈನಿನ ಮೊದಲನೇ ಮನೆ ಗಂಗಾಮಣಿಯ ಗಂಡನ್ನ ಕರೆದ್ರೆ, ರೈಟ್ರು ಏನೋ ಕೆಲಸ ಹೇಳ್ತಾರೆ ಅಂತ ಕತ್ತಿ ಹಿಡ್ಕೊಂಡು ಬಂದು ನಿಲ್ತಾನೆ. ಹೋಗ್ಲಿ, ಯಾರ ಹಂಗೂ ಬೇಡ ಅಂತ ಪೈಪ್ ಇಡೋಕೆ ಎರಡು ಕವೆಗೂಟ ನೆಟ್ಕೊಂಡು ಒಬ್ಬನೇ ಶುರು ಮಾಡ್ದೆ. ಮಕ್ಕಳು ಇಣುಕಿ ನಗ್ತಾವೆ ಅಂತ ಬಾಗಿಲಿಗೆ ಚಿಲಕ ಹಾಕ್ಕೊತಿದ್ದೆ.

ಕಾಫಿ ಹಣ್ಣು ಕೊಯ್ಲಿನ ಒಂದು ಭಾನುವಾರ, ಬರ್ತೀನಿ ಅಂದಿದ್ದ ಕುಳ್ಳಯ್ಯ ಬರ್ಲಿಲ್ಲ. ಹೊಸ ಹೆಂಡ್ತಿನ ಬಿಟ್ಟು ನನ್ನ ಮುಖ ನೋಡೋಕೆ ಯಾಕೆ ಬಂದಾನು? ಸಿಟ್ಟಲ್ಲಿ ಗಿಟಾರು ಸರಿಯಾಗಿ ಬಾರ್ಸೋಕೂ ಆಗ್ಲಿಲ್ಲ. ಅದನ್ನ ಬೆಂಚಿನ ಪಕ್ಕ ನೆಲಕ್ಕಿಟ್ಟು, ಅದೇ ಸಿಟ್ಟಲ್ಲಿ ಸಾಕು ಅನ್ನಿಸಿದ ಮೇಲೂ ಎತ್ತಿದೆ. ಕೊನೇದು ಎದೆಗಿಳೀತು, ಮೇಲೇಳಲಿಲ್ಲ.

ತಳ್ಳಿದೆ, ಅಲ್ಲಾಡ್ಲಿಲ್ಲ. ಒಂದು ಕಡೆ ಓರೆ ಮಾಡಿದ್ರೆ ಡಬ್ಬಿ ಜಾರೋದಲ್ಲ, ಕುಳ್ಳಯ್ಯನ ಸಿಮೆಂಟು ಹಂಗಿತ್ತು. ಉಸಿರು ಬಿಡೋಕೆ ಆಗ್ತಿತ್ತು, ಎಳ್ಕೊಳ್ಳೋಕೆ ಆಗ್ತಿರ್ಲಿಲ್ಲ. ಕೂಗೋಣ ಅಂದ್ರೆ ಗಂಟಲಿಂದ ಗಾಳಿ ಬಂತೇ ಹೊರ್ತು ಸದ್ದು ಬರ್ಲಿಲ್ಲ. ಇಲ್ಲೇ ಸಾಯ್ತೀನಿ, ಬೆಳಿಗ್ಗೆ ಹಾಜರಿ ಕರೆಯೋಕೆ ಬರ್ಲಿಲ್ಲ ಅಂದಾಗ್ಲೇ ಗೊತ್ತಾಗೋದು ಅಂತ ಹೆದರಿದೆ. ಆಗ ಕಾಲಿಗೆ ಗಿಟಾರ್ ತಗುಲ್ತು. ಹಿಮ್ಮಡಿಯಲ್ಲಿ ತಂತಿ ಎಳೆದೆ. ಮತ್ತೆ ಎಳೆದೆ. ಬಿಡುತ್ತಾ, ಎಳೀತಾ, ಕಾಲಿಗೆ ಆದಷ್ಟು ಬಾರ್ಸಿದೆ.

ಲೈನಲ್ಲಿ ಯಾವಾಗ್ಲೂ ಕಿರುಚ್ಕೊಳ್ಳೋ ಗಂಗಾಮಣಿ ಮನೆ ರೇಡಿಯೋ ಟಕ್ ಅಂತ ನಿಂತೋಯ್ತು. ಮಾತುಗಳೂ ನಿಂತ್ವು. ಸದ್ಯ, ಕೇಳಿಸ್ತು, ಬರ್ತಾರೆ ಅಂದ್ಕೊಂಡೆ. ಇನ್ನೂ ಜೋರಾಗಿ ಎಳೆದೆ. ಯಾವ ಹೆಜ್ಜೆನೂ ಮೆಟ್ಟಿಲ ಕಡೆ ಬರ್ಲಿಲ್ಲ. ಒಂದು ಮಗು ಅತ್ತದ್ದಕ್ಕೆ ಯಾರೋ "ಶ್" ಅಂದ್ರು.

ಕೊನೆಗೆ ಪೈಪನ್ನ ಹೊಟ್ಟೆ ಮೇಲೆ ಉರುಳಿಸ್ಕೊಂಡು, ಸೊಂಟಕ್ಕೆ, ತೊಡೆಗೆ ತಂದು, ಎದ್ದು ಕೂತೆ. ಹೆಂಗೆ ಅಂತ ಕೇಳ್ಬೇಡಿ, ಪಕ್ಕೆಲುಬು ಇವತ್ತಿಗೂ ಚಳಿಗಾಲದಲ್ಲಿ ನೆನಪು ಮಾಡ್ಕೊಡ್ತದೆ. ಕೂತ್ಕೊಂಡು ಅತ್ತೆ, ಅದರಲ್ಲೇನು ನಾಚಿಕೆ.

ಮಾರನೇ ದಿನ ಹಾಜರಿ ಹೊತ್ತಲ್ಲಿ ಗಂಗಾಮಣಿ ಸೆರಗು ಸರಿ ಮಾಡ್ಕೊಂಡು ಮುಂದೆ ಬಂದ್ಲು.

"ನಿನ್ನೆ ಬಾರ್ಸಿದ್ದು ಭಾಳ ಚೆನ್ನಾಗಿತ್ತು ರೈಟ್ರೇ. ದಿನಾ ನೀವು ಬಾರ್ಸೋದು ನಮ್ಗೆ ಅರ್ಥ ಆಗಲ್ಲ. ನಿನ್ನೇದು ಯಾರನ್ನೋ ಕರ್ದಂಗೆ ಇತ್ತು. ರೇಡಿಯೋ ಆರ್ಸಿ ಎಲ್ರೂ ಕೇಳಿದ್ವು."

"ಅಷ್ಟು ಚೆನ್ನಾಗಿದ್ರೆ ಹತ್ರ ಬಂದು ಕೇಳ್ಬೇಕಿತ್ತು" ಅಂದೆ. ಸ್ವಲ್ಪ ಒರಟಾಗೇ ಅಂದೆ.

"ಅಯ್ಯೋ, ನಿಮ್ಮ ಜಗಲಿಗಾ?" ಅಂತ ಅವಳು ಪಕ್ಕದೋಳ ಮುಖ ನೋಡಿ ನಕ್ಕು, ಬುಟ್ಟಿ ಎತ್ಕೊಂಡು ತೋಟಕ್ಕೆ ಹೋದ್ಲು.

ಆ ಸಂಜೆ ಸ್ನಾನ ಮಾಡಿ, ಒಗೆದ ಅಂಗಿ ಹಾಕ್ಕೊಂಡು, ಬಾಗಿಲು ತೆರೆದಿಟ್ಟು ಕೂತೆ. ಭಾರ ಮುಟ್ಟಲಿಲ್ಲ. ಪಕ್ಕೆ ನೋವು ತಡ್ಕೊಂಡು, ಇಷ್ಟು ವರ್ಷ ಕಲ್ತಿದ್ದರಲ್ಲಿ ಒಳ್ಳೇದನ್ನೆಲ್ಲ ಆರಿಸಿ ಬಾರ್ಸಿದೆ. ಒಂದು ಸ್ವರನೂ ತಪ್ಪಲಿಲ್ಲ, ಫಾದರ್ ಕೇಳಿದ್ರೆ ಬೆನ್ನು ತಟ್ಟೋರು. ಕೆಳಗೆ ಗಂಗಾಮಣಿ ಮನೆ ರೇಡಿಯೋ ಹಾಡ್ತಾನೇ ಇತ್ತು, ಯಾರೂ ಆರಿಸ್ಲಿಲ್ಲ.

ಭಾರನೂ ಬಿಡ್ಲಿಲ್ಲ, ಗಿಟಾರೂ ಬಿಡ್ಲಿಲ್ಲ. ಆದ್ರೆ ಚಿಲಕ ಹಾಕೋದು ಮಾತ್ರ ಬಿಟ್ಟೆ. ಆ ಎಸ್ಟೇಟಲ್ಲಿ ಇರೋವರ್ಗೂ ಬಾಗಿಲು ಬರೀ ಮುಂದಕ್ಕೆ ಮಾಡಿರ್ತಿತ್ತು, ಬೆರಳಲ್ಲಿ ತಳ್ಳಿದ್ರೂ ತೆರ್ಕೊಳ್ಳೋ ಹಂಗೆ. ಯಾರೂ ತಳ್ಳಲಿಲ್ಲ.